ಋಣದ ಪುಸ್ತಕ: ಬದುಕು ನೀರ ಮೇಲಿನ ಗುಳ್ಳೆಯೆಂದು ಅರಿತು ಕೃತಜ್ಞತೆ ರೂಢಿಸಿಕೊಳ್ಳಲು ಒಂದು ಸಮಗ್ರ ಮಾರ್ಗದರ್ಶಿ

ಅಪ್ಪ ತೀರಿಕೊಂಡ ಹನ್ನೊಂದನೇ ದಿನ. ತಿಥಿ ಊಟ ಮುಗಿದು ನೆಂಟರೆಲ್ಲ ಕೋಲಾರದ ಬಸ್ಸು ಹಿಡಿಯಲು ಹೊರಟರೂ ಪಕ್ಕದ ಹೊಲದವರು ಮಾತ್ರ ಜಗಲಿಯ ಕಂಬ ಹಿಡಿದು ನಿಂತೇ ಇದ್ದರು. ಬಹಳ ಹೊತ್ತಾದ ಮೇಲೆ ಬಾಯಿ ಬಿಟ್ಟರು. "ಎರಡು ಬೇಸಿಗೆ ಹಿಂದೆ ನನ್ನ ಬೋರು ಕೆಟ್ಟೋಗಿತ್ತಲ್ಲ, ಟೊಮೇಟೊ ಸಸಿ ಒಣಗ್ತಿತ್ತು. ಒಂಬತ್ತು ರಾತ್ರಿ ನಿಮ್ಮಪ್ಪ ಎದ್ದು ಬಂದು ನಿಮ್ಮ ಬೋರಿನ ನೀರು ನನ್ನ ಕಡೆ ತಿರುಗಿಸಿದ. ಕರೆಂಟ್ ಕೊಡ್ತಿದ್ದದ್ದೇ ರಾತ್ರಿ ಒಂದರ ಮೇಲೆ. ಅವನಿದ್ದಾಗ ಒಂದು ಮಾತು ಹೇಳಲಿಲ್ಲ ಕಣಪ್ಪಾ."

ಹೇಳಲು ಅವರಿಗೆ ಎರಡು ವರ್ಷ ಇತ್ತು. ದಿನಾ ಬೆಳಗ್ಗೆ ಇಬ್ಬರೂ ಡೈರಿಯ ಮುಂದೆ ಒಂದೇ ಸಾಲಿನಲ್ಲಿ ಕ್ಯಾನು ಹಿಡಿದು ನಿಲ್ಲುತ್ತಿದ್ದರು. ಅಪ್ಪ ಹೋಗಿದ್ದೂ ಅಂಥದೇ ಒಂದು ಬೆಳಗ್ಗೆ. ಹಾಲು ಹಾಕಿ ಬಂದು, ಕ್ಯಾನು ತೊಳೆದು ಬೋರಲು ಹಾಕಿ, ಜಗಲಿಯ ಮೇಲೆ ಕೂತವರು ಹಾಗೇ ಒರಗಿದರು. ನಾವೆಲ್ಲ ಓಡಾಡಿ, ಗಾಡಿ ತರಿಸಿ, ಮುಗಿಯಿತು ಅಂತ ಗೊತ್ತಾಗುವ ಹೊತ್ತಿಗೂ ಕ್ಯಾನಿನ ಅಂಚಿನಿಂದ ನೀರು ತೊಟ್ಟಿಕ್ಕುತ್ತಲೇ ಇತ್ತು. ಡೈರಿ ಪಾಸ್‌ಬುಕ್ಕಿನಲ್ಲಿ ಆ ದಿನದ ಸಾಲು ಇವತ್ತಿಗೂ ಇದೆ: 7.4 ಲೀಟರ್, ಫ್ಯಾಟ್ 4.1. ಆ ಹಾಲಿನ ಬಟವಾಡೆ ಬಂದದ್ದು ತಿಥಿ ಕಳೆದ ಮೇಲೆ.

ನಮ್ಮ ಕಡೆ ಹಿರಿಯರು 'ಸತ್ತ' ಎಂಬ ಮಾತನ್ನು ಸುಲಭಕ್ಕೆ ಆಡುವುದಿಲ್ಲ. 'ಋಣ ತೀರಿತು' ಅನ್ನುತ್ತಾರೆ. ಅನ್ನದ ಋಣ, ನೀರಿನ ಋಣ, ಮಣ್ಣಿನ ಋಣ ಅನ್ನುವಾಗಲೂ ಅದೇ ಪದ. ಪಡೆದದ್ದರ ನೆನಪೂ ಹೊರಟುಹೋಗುವ ಹೊತ್ತೂ ಒಂದೇ ಪದದೊಳಗೆ ಕೂತಿರುವುದು ನನಗೆ ಅರ್ಥವಾಗಿದ್ದು ಅವತ್ತು, ಆ ಜಗಲಿಯ ಮೇಲೆ. ಅಲ್ಲಿಂದ ಈಚೆಗೆ ನಾನು ಮಾಡಿಕೊಂಡು ಬಂದಿರುವ ಅಭ್ಯಾಸವನ್ನು, ಅದಕ್ಕೆ ಸಂಶೋಧಕರು ಕೊಡುವ ಆಧಾರವನ್ನೂ ಸೇರಿಸಿ, ಹಂತಹಂತವಾಗಿ ಇಲ್ಲಿ ಬರೆದಿದ್ದೇನೆ.

ಶುರು ಮಾಡುವ ಮುಂಚೆ

ಬೇಕಾಗುವುದು ಒಂದು ನೋಟ್‌ಬುಕ್, ಒಂದು ಪೆನ್ನು, ವಾರಕ್ಕೆ ಅರ್ಧ ಗಂಟೆ. ಮೊಬೈಲಿನಲ್ಲಿ ಬರೆಯಬಹುದು, ಆದರೆ ಬೇಡ ಅನ್ನುತ್ತೇನೆ. ಬರೆಯುತ್ತಿರುವಾಗಲೇ ವಾಟ್ಸಾಪ್ ಕರೆಯುತ್ತದೆ, ಕೂತ ಮನಸ್ಸು ಎದ್ದು ಹೋಗುತ್ತದೆ.

ಎರಡು ಎಚ್ಚರಿಕೆಗಳಿವೆ, ಇವನ್ನು ದಯವಿಟ್ಟು ಹಾರಿಸಿ ಓದಬೇಡಿ. ಒಂದು: ಮನೆಯಲ್ಲಿ ಸಾವಾಗಿ ಇನ್ನೂ ಹಸಿ ಇರುವಾಗ, ಅಥವಾ ಬದುಕುವುದೇ ಬೇಡ ಅನ್ನಿಸುತ್ತಿರುವಾಗ, ಸಾವಿನ ಬಗ್ಗೆ ಕೂತು ಯೋಚಿಸುವ ಭಾಗವನ್ನು ಮಾಡಬೇಡಿ. ಅಂಥ ಹೊತ್ತಲ್ಲಿ ಬೇಕಾಗಿರುವುದು ಜೊತೆಗೊಬ್ಬರು. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ಇನ್ನೊಂದು: ಹೊಡೆಯುವ ಗಂಡ, ಕೂಲಿ ಕೊಡದ ಮಾಲೀಕ, ಇಂಥವರಿಗೆ ಋಣಿಯಾಗಿರು ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ಕೃತಜ್ಞತೆಯ ಹೆಸರಲ್ಲಿ ಅನ್ಯಾಯ ನುಂಗಿಸುವುದು ನಮ್ಮಲ್ಲಿ ಬಹಳ ಕಾಲದಿಂದ ನಡೆದಿದೆ. ಈ ಪುಸ್ತಕದಲ್ಲಿ ಅದಕ್ಕೆ ಜಾಗವಿಲ್ಲ.

ಮೊದಲ ಹೆಜ್ಜೆ: ದಿನ ಗೊತ್ತು ಮಾಡಿ

ದಿನಾ ಬರೆಯಬೇಕು ಅಂತ ಹಟ ಹಿಡಿದರೆ ಹದಿನೈದು ದಿನಕ್ಕೆ ಬಿಟ್ಟುಹೋಗುತ್ತದೆ. ನನಗೂ ಹಾಗೇ ಆಯಿತು. ಕ್ಯಾಲಿಫೋರ್ನಿಯಾದ ಮನಶ್ಶಾಸ್ತ್ರಜ್ಞೆ ಸೋನ್ಯಾ ಲ್ಯುಬೊಮಿರ್ಸ್ಕಿ ಮತ್ತು ಸಂಗಡಿಗರು ಇದನ್ನು ಪರೀಕ್ಷಿಸಿ ನೋಡಿದ್ದಾರೆ. ವಾರಕ್ಕೊಮ್ಮೆ ಬರೆದವರಲ್ಲಿ ನೆಮ್ಮದಿ ಹೆಚ್ಚಿತು, ವಾರಕ್ಕೆ ಮೂರು ಸಲ ಬರೆದವರಲ್ಲಿ ಹೆಚ್ಚಲಿಲ್ಲ. ಪದೇಪದೇ ಮಾಡಿದರೆ ಅದೂ ಹಲ್ಲುಜ್ಜುವ ಹಾಗೆ ಆಗಿಬಿಡುತ್ತದೆ ಅಂತ ಕಾಣುತ್ತದೆ.

ಹಾಗಾಗಿ ವಾರಕ್ಕೊಂದು ಹೊತ್ತು ಸಾಕು. ಈಗಾಗಲೇ ತಪ್ಪದೆ ಮಾಡುವ ಕೆಲಸದ ಬೆನ್ನಿಗೆ ಅದನ್ನು ಕಟ್ಟಿ. ನನ್ನದು ಭಾನುವಾರ ಸಂಜೆ, ಹಾಲು ಹಾಕಿ ಬಂದು ಕ್ಯಾನು ತೊಳೆದಾದ ಮೇಲೆ. ನಿಮ್ಮದು ಶುಕ್ರವಾರ ದೀಪ ಹಚ್ಚಿದ ಮೇಲೆ ಇರಬಹುದು, ನಮಾಜು ಮುಗಿದ ಮೇಲೆ ಇರಬಹುದು, ಬೆಂಗಳೂರಿಗೆ ಹೋಗುವ ರೈಲಿನಲ್ಲಿ ಕಿಟಕಿ ಪಕ್ಕ ಜಾಗ ಸಿಕ್ಕಾಗಲೂ ಇರಬಹುದು.

ಎರಡನೇ ಹೆಜ್ಜೆ: ಸಾಲ ಬರೆಯುವ ಹಾಗೆ ಬರೆಯಿರಿ

ಇಡೀ ಅಭ್ಯಾಸದ ಬೇರು ಇಲ್ಲಿದೆ. 'ಕೃತ' ಅಂದರೆ ಮಾಡಿದ್ದು, 'ಜ್ಞ' ಅಂದರೆ ಬಲ್ಲವನು. ತನಗಾಗಿ ಮಾಡಿದ್ದನ್ನು ಬಲ್ಲವನೇ ಕೃತಜ್ಞ. ಪದದೊಳಗೆ ಮೊದಲು ಇರುವುದು ತಿಳಿವಳಿಕೆ, ಭಾವನೆ ಅದರ ಹಿಂದೆ ಬರುತ್ತದೆ. ಏನು ಮಾಡಿದರು ಅಂತಲೇ ಸರಿಯಾಗಿ ಗೊತ್ತಿಲ್ಲದಿದ್ದರೆ ಎದೆ ತುಂಬಿ ಬರಲಿ ಅಂತ ಕಾಯುತ್ತಾ ಕೂರುವುದರಿಂದ ಪ್ರಯೋಜನವಿಲ್ಲ.

ಅಮೆರಿಕದ ರಾಬರ್ಟ್ ಎಮ್ಮನ್ಸ್ ಮತ್ತು ಮೈಕಲ್ ಮೆಕಲೊ 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ವಿದ್ಯಾರ್ಥಿಗಳ ಒಂದು ಗುಂಪು ವಾರಕ್ಕೊಮ್ಮೆ, ಹತ್ತು ವಾರ, ತಾವು ಋಣಿಯಾಗಿರುವ ಐದು ಸಂಗತಿಗಳನ್ನು ಬರೆಯಿತು. ಇನ್ನೊಂದು ಗುಂಪು ಕಿರಿಕಿರಿಗಳನ್ನು ಬರೆಯಿತು. ಕಿರಿಕಿರಿ ಬರೆದವರಿಗಿಂತ ಋಣ ಬರೆದವರು ತಮ್ಮ ಬದುಕಿನ ಬಗ್ಗೆ ಹೆಚ್ಚು ತೃಪ್ತಿ ಹೇಳಿಕೊಂಡರು. ಐದು ಬರೆಯಲು ಹೋದಾಗ ನನ್ನ ಕೈಯಲ್ಲಿ ಅದು ಸಾಮಾನಿನ ಚೀಟಿಯಾಗಿಬಿಟ್ಟಿತು: ಆರೋಗ್ಯ, ಮನೆ, ಮಕ್ಕಳು, ಮಳೆ, ದೇವರು. ಮುಂದಿನ ವಾರವೂ ಅದೇ ಐದು. ಈಗ ಬರೆಯುವುದು ಒಂದೇ, ಆದರೆ ಅಂಗಡಿಯವನು ಸಾಲದ ಪುಸ್ತಕದಲ್ಲಿ ಬರೆದುಕೊಳ್ಳುವಷ್ಟು ಕಟ್ಟುನಿಟ್ಟಾಗಿ. ಯಾರು, ಯಾವತ್ತು, ಏನು ಕೊಟ್ಟರು, ಅದಕ್ಕೆ ಅವರ ಕೈಯಿಂದ ಏನು ಖರ್ಚಾಯಿತು, ಅವರು ಕೊಡದೆ ಹೋಗಿದ್ದರೆ ನನಗೆ ಏನಾಗುತ್ತಿತ್ತು. ಈ ಐದು ಪ್ರಶ್ನೆಗೂ ಉತ್ತರ ಇರಬೇಕು.

'ಹೆಂಡತಿ ಚೆನ್ನಾಗಿ ನೋಡಿಕೊಳ್ಳುತ್ತಾಳೆ' ಅಂತ ಬರೆದರೆ ಏನೂ ಬರೆದ ಹಾಗಾಗಲಿಲ್ಲ. ನನ್ನ ಪುಸ್ತಕದ ಒಂದು ಪುಟ ಹೀಗಿದೆ: 'ಗುರುವಾರ. ನನಗೆ ಜ್ವರ. ಹಿತಕಿದ ಬೇಳೆ ಸಾರು ಬೇಕು ಅಂದೆ. ಅವಳು ರಾತ್ರಿ ಹತ್ತಾದರೂ ಅವರೆಕಾಳು ಹಿತುಕುತ್ತಾ ಕೂತಿದ್ದಳು. ಹೆಬ್ಬೆರಳ ತುದಿ ನೆನೆದು ಸುಕ್ಕುಗಟ್ಟಿತ್ತು. ಬೆಳಗ್ಗೆ ಐದಕ್ಕೆ ಹಾಲು ಕರೆಯಲು ಅವಳೇ ಏಳಬೇಕಿತ್ತು. ಬೇಡ ಅಂದಿದ್ದರೆ ನಾನು ಗಂಜಿ ಕುಡಿದು ಮಲಗುತ್ತಿದ್ದೆ, ಅಷ್ಟೇ.' ಇಷ್ಟು ಬರೆದು ಮುಗಿಸಿದ ಮೇಲೆ ಎದ್ದು ಹೋಗಿ ಅವಳ ಕೈ ನೋಡಬೇಕು ಅನ್ನಿಸಿತು. ಹಾಗೆ ಅನ್ನಿಸಿದರೆ ಸರಿಯಾಗಿ ಬರೆದಿದ್ದೀರಿ ಅಂತ ತಿಳಿಯಿರಿ.

ಗೊತ್ತಿಲ್ಲದವರನ್ನೂ ಬರೆಯಿರಿ. ಟೊಮೇಟೊ ಕ್ರೇಟು ಇಳಿಸಿಕೊಟ್ಟ ಹಮಾಲಿ, ಮಳೆಯಲ್ಲಿ ಟ್ರಾನ್ಸ್‌ಫಾರ್ಮರ್ ಸರಿ ಮಾಡಿದ ಲೈನ್‌ಮ್ಯಾನ್. ಹೆಸರು ಗೊತ್ತಿಲ್ಲ ಅಂತ ಬರೆಯುವಾಗ ಒಂದು ಮುಜುಗರ ಆಗುತ್ತದೆ. ಮುಂದಿನ ಸಲ ಹೆಸರು ಕೇಳುತ್ತೀರಿ.

ಮೂರನೇ ಹೆಜ್ಜೆ: ತೆಗೆದು ನೋಡಿ

ಇರುವುದನ್ನು ಎಣಿಸುವುದಕ್ಕಿಂತ, ಅದು ಇಲ್ಲದಿದ್ದರೆ ಅಂತ ಎಣಿಸುವುದು ಮನಸ್ಸಿಗೆ ಬೇಗ ನಾಟುತ್ತದೆ. 2008ರಲ್ಲಿ ಮಿನ್‌ಕ್ಯುಂಗ್ ಕೂ ಮತ್ತು ಸಂಗಡಿಗರು ಇದನ್ನೇ ತೋರಿಸಿದರು. ಬಾಳಸಂಗಾತಿ ತನಗೆ ಹೇಗೆ ಸಿಕ್ಕರು ಅಂತ ಬರೆದವರಿಗಿಂತ, ಸಿಗದೇ ಹೋಗಬಹುದಾಗಿತ್ತು ಅಂತ ಬರೆದವರಿಗೆ ತಮ್ಮ ಸಂಬಂಧದ ಬಗ್ಗೆ ಹೆಚ್ಚು ಸಂತೋಷ ಆಯಿತು.

ಕೋಲಾರದವರಿಗೆ ಇದನ್ನು ಕಲಿಸಿಕೊಡಬೇಕಾಗಿಲ್ಲ, ನಮಗೆ ನೀರು ಕಲಿಸಿದೆ. ವರ್ಷವಿಡೀ ಹರಿಯುವ ಒಂದು ನದಿಯೂ ನಮ್ಮ ಜಿಲ್ಲೆಯಲ್ಲಿಲ್ಲ. ಪಾಲಾರ್ ಇದೆ, ದಕ್ಷಿಣ ಪಿನಾಕಿನಿ ಇದೆ, ಮಳೆ ಬಂದರೆ ಮಾತ್ರ ಅವು ನದಿ. ಸಾವಿರ ಅಡಿ ದಾಟಿ ಕೊರೆಸಿದರೂ ಬರೀ ದೂಳು ಹಾರಿದ ಬೋರುಗಳ ಲೆಕ್ಕ ಪ್ರತಿ ಮನೆಯಲ್ಲೂ ಇದೆ. 2018ರಲ್ಲಿ ಕೆ.ಸಿ. ವ್ಯಾಲಿ ಯೋಜನೆಯಿಂದ ಬೆಂಗಳೂರಿನ ಸಂಸ್ಕರಿಸಿದ ನೀರು ನಮ್ಮ ಕೆರೆಗಳಿಗೆ ಹರಿಯಿತು. ಅದರ ಶುದ್ಧತೆಯ ಬಗ್ಗೆ ತಕರಾರು ಇದೆ, ಇರಲೇಬೇಕು. ಆದರೂ ವರ್ಷಗಟ್ಟಲೆ ಜಾಲಿ ಬೆಳೆದು ನಿಂತಿದ್ದ ಕೆರೆಯಂಗಳದಲ್ಲಿ ನೀರು ಕಂಡಾಗ ವಯಸ್ಸಾದವರು ಏರಿಯ ಮೇಲೆ ನಿಂತು ಕೈ ಮುಗಿದಿದ್ದು ನಾನು ಕಂಡಿದ್ದೇನೆ. ಕೆರೆ ಬತ್ತಿದ್ದನ್ನು ಕಂಡ ಕಣ್ಣುಗಳು ಅವು.

ಮಾಡುವ ಬಗೆ ಸುಲಭ. ತಿಂಗಳಿಗೊಂದು ದಿನ, ಬೆಳಗ್ಗೆಯಿಂದ ಮಧ್ಯಾಹ್ನದವರೆಗೆ ಮನೆಯ ನಲ್ಲಿ ತಿರುಗಿಸಬೇಡಿ. ಎರಡು ಬಿಂದಿಗೆ ಹಿಡಿದಿಟ್ಟುಕೊಂಡು ಅಷ್ಟರಲ್ಲೇ ಎಲ್ಲ ಮಾಡಿ. ಮಧ್ಯಾಹ್ನ ನಲ್ಲಿ ತಿರುಗಿಸಿದಾಗ ಬರುವ ಆ ಸದ್ದನ್ನು ಕೇಳಿ, ಆಮೇಲೆ ಪುಸ್ತಕ ತೆಗೆಯಿರಿ. ಜನರ ವಿಷಯಕ್ಕೂ ಇದೇ ಕ್ರಮ: ಕಣ್ಣು ಮುಚ್ಚಿ ಮನೆಯ ಒಬ್ಬರನ್ನು ಆ ಮನೆಯಿಂದ ತೆಗೆಯಿರಿ. ಅವರ ಚಪ್ಪಲಿ ಬಾಗಿಲ ಬಳಿ ಇಲ್ಲ, ಅವರ ಕೆಮ್ಮು ಕೇಳುತ್ತಿಲ್ಲ, ಅವರ ತಟ್ಟೆ ಗೂಡಿನಿಂದ ಇಳಿಯುತ್ತಿಲ್ಲ. ಎರಡು ನಿಮಿಷ ಸಾಕು, ಹೆಚ್ಚು ಬೇಡ. ಕಣ್ಣು ತೆರೆದು ಅವರು ಇದ್ದಾರೆ ಅಂತ ನೋಡಿಕೊಳ್ಳಿ.

ನಾಲ್ಕನೇ ಹೆಜ್ಜೆ: ಕಲ್ಲಿನ ಮುಂದೆ ಹತ್ತು ನಿಮಿಷ

ಸಾವನ್ನು ನೆನೆದರೆ ಮನಸ್ಸು ಕುಗ್ಗುತ್ತದೆ ಅಂತ ಎಲ್ಲರೂ ಹೆದರುತ್ತಾರೆ. 2011ರಲ್ಲಿ ಅರಸೆಲಿ ಫ್ರಿಯಾಸ್ ಮತ್ತು ಸಂಗಡಿಗರು ನಡೆಸಿದ ಪ್ರಯೋಗದಲ್ಲಿ ಕೆಲವರಿಗೆ ತಮ್ಮದೇ ಸಾವನ್ನು, ಬೆಂಕಿ ಬಿದ್ದ ಕಟ್ಟಡದಲ್ಲಿ ಸಿಕ್ಕಿಕೊಂಡ ಹಾಗೆ, ಕಣ್ಣಿಗೆ ಕಟ್ಟುವಂತೆ ಕಲ್ಪಿಸಿಕೊಳ್ಳಲು ಹೇಳಿದರು. ಅವರಲ್ಲಿ ಕೃತಜ್ಞತೆ ಗಮನಾರ್ಹವಾಗಿ ಹೆಚ್ಚಿತು. ಕಲ್ಪನೆಯ ಬೆಂಕಿಯ ಅಗತ್ಯ ನಮಗಿಲ್ಲ. ನಮ್ಮ ಊರ ಬದಿಯಲ್ಲಿ ವೀರಗಲ್ಲುಗಳಿವೆ.

ಕೋಲಾರ ಸೀಮೆಯಲ್ಲಿ ವೀರಗಲ್ಲುಗಳು ದಂಡಿಯಾಗಿವೆ. ಲೂಯಿಸ್ ರೈಸ್ 1905ರಲ್ಲಿ ಹೊರತಂದ ಎಪಿಗ್ರಾಫಿಯಾ ಕರ್ನಾಟಿಕಾದ ಹತ್ತನೇ ಸಂಪುಟ ಇಡೀ ನಮ್ಮ ಜಿಲ್ಲೆಯ ಶಾಸನಗಳದ್ದೇ, ಅದರಲ್ಲಿ ವೀರಗಲ್ಲುಗಳೂ ಸೇರಿವೆ. ನಮ್ಮೂರಿನದು ಕೆರೆ ಏರಿಯ ಕೆಳಗೆ, ಹುಣಸೆ ಮರದ ಬುಡದಲ್ಲಿ ಅರ್ಧ ಹೂತುಕೊಂಡಿದೆ. ಕೆಳಗಿನ ಪಟ್ಟಿಯಲ್ಲಿ ಒಬ್ಬ ಬಿಲ್ಲೆತ್ತಿ ನಿಂತಿದ್ದಾನೆ, ಹಿಂದೆ ದನಗಳ ಸಾಲು. ನಡುವಿನ ಪಟ್ಟಿಯಲ್ಲಿ ಅಪ್ಸರೆಯರು ಅವನ ಎರಡು ಕೈ ಹಿಡಿದು ಮೇಲಕ್ಕೆ ಒಯ್ಯುತ್ತಿದ್ದಾರೆ. ಮೇಲಿನ ಪಟ್ಟಿಯಲ್ಲಿ ಲಿಂಗದ ಮುಂದೆ ಕೂತಿದ್ದಾನೆ. ಮುಖ ಸವೆದು ನುಣ್ಣಗಾಗಿದೆ. ಯಾರೋ ವರ್ಷಕ್ಕೊಮ್ಮೆ ಎಣ್ಣೆ ಸವರುವುದರಿಂದ ಎದೆಯ ಭಾಗ ಮಾತ್ರ ಕಪ್ಪಗೆ ಮಿಂಚುತ್ತದೆ. ಊರ ದನಗಳನ್ನು ಹೊಡೆದುಕೊಂಡು ಹೋಗಲು ಬಂದವರ ಎದುರು ತುರುಗಾಳಗದಲ್ಲಿ ಬಿದ್ದ ಒಬ್ಬನಿಗೆ ಊರು ತೀರಿಸಿದ ಋಣ ಅದು. ಬರೀ ಕಲ್ಲು ನೆಟ್ಟು ಸುಮ್ಮನಾಗುತ್ತಿರಲಿಲ್ಲ. ಹಾಗೆ ಬಿದ್ದವರ ಮನೆಯವರಿಗೆ ಹೊಲ ಬಿಟ್ಟುಕೊಡುತ್ತಿದ್ದರು. ಶಾಸನಗಳಲ್ಲಿ ಅದಕ್ಕೆ 'ಕಲ್ನಾಡು', 'ನೆತ್ತರುಗೊಡಗೆ' ಎಂಬ ಹೆಸರುಗಳಿವೆ. ನೆತ್ತರಿಗೆ ಕೊಟ್ಟ ಕೊಡುಗೆ. ಅವನಿಗೆ ಹೇಳಲಾಗದ್ದನ್ನು ಅವನ ಮಕ್ಕಳ ಹೊಟ್ಟೆಗೆ ಹೇಳಿದ್ದಾರೆ.

ತಿಂಗಳಿಗೊಮ್ಮೆ ಅಲ್ಲಿ ಹೋಗಿ ಕೂರುತ್ತೇನೆ. ನಿಮ್ಮೂರಲ್ಲಿ ಕಲ್ಲಿಲ್ಲದಿದ್ದರೆ ಹಿರಿಯರನ್ನು ಮಣ್ಣು ಮಾಡಿದ ಜಾಗ ಆಗಬಹುದು, ಮನೆಯ ಗೋಡೆಯ ಮೇಲಿನ ಹಾರ ಹಾಕಿದ ಫೋಟೊ ಆಗಬಹುದು. ಮೊದಲ ಐದಾರು ನಿಮಿಷ ಸುಮ್ಮನೆ ಉಸಿರನ್ನು ಗಮನಿಸಿ. ಆಮೇಲೆ ಮೂರು ಮಾತು, ಬಾಯಿಬಿಟ್ಟು ಹೇಳಿ: ನಾನೂ ಒಂದು ದಿನ ಹೋಗುತ್ತೇನೆ. ಯಾವತ್ತು ಅಂತ ಗೊತ್ತಿಲ್ಲ. ಇವತ್ತು ಇದ್ದೇನೆ. ಮೂರನೆಯದನ್ನು ಹೇಳಿದಾಗ ಕಿವಿಗೆ ಏನು ಬೀಳುತ್ತದೆಯೋ ಗಮನಿಸಿ. ನನಗೆ ಒಂದು ಸಲ ದೂರದಲ್ಲಿ ಯಾರೋ ಟ್ರ್ಯಾಕ್ಟರ್ ಸ್ಟಾರ್ಟ್ ಮಾಡಲು ಒದ್ದಾಡುತ್ತಿದ್ದ ಸದ್ದು ಕೇಳಿತು, ಅದೂ ಚೆಂದ ಅನ್ನಿಸಿತು. ಎದೆ ಬಿಗಿದುಕೊಂಡರೆ ಅಲ್ಲಿಗೇ ಬಿಟ್ಟು ಎದ್ದು ಬನ್ನಿ, ಯಾರ ಜೊತೆಗಾದರೂ ಮಾತಾಡಿ. ಇದರಲ್ಲಿ ಸಾಧನೆ ಮಾಡಿ ತೋರಿಸುವುದು ಏನೂ ಇಲ್ಲ.

ವಾರದ ನಡುವೆ ಇದನ್ನೇ ಚಿಕ್ಕದಾಗಿ ಮಾಡಬಹುದು. ಮನೆಯಿಂದ ಯಾರಾದರೂ ಹೊರಟಾಗ ತಲೆಯೆತ್ತಿ ನೋಡಿ, 'ಹೋಗಿ ಬಾ' ಅನ್ನಿ. 'ಹೋಗು' ಅನ್ನಬಾರದು ಅಂತ ಅಜ್ಜಿ ಬೈಯುತ್ತಿದ್ದದ್ದು ಇದಕ್ಕೇ. ಕೆಜಿಎಫ್‌ನಲ್ಲಿ ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗಿಂತ ಆಳಕ್ಕೆ ಇಳಿದಿತ್ತು, ಒತ್ತಡಕ್ಕೆ ಬಂಡೆ ಸಿಡಿದು ಕಾರ್ಮಿಕರು ಸಾಯುತ್ತಿದ್ದರು. 2001ರ ಫೆಬ್ರವರಿ 28ರಂದು ಗಣಿ ಮುಚ್ಚುವವರೆಗೆ ಅಲ್ಲಿನ ಮನೆಗಳಲ್ಲಿ ಪಾಳಿಗೆ ಹೊರಟವರನ್ನು ಬಾಗಿಲಿಗೆ ಬಂದು ಕಳಿಸದೆ ಇರುವುದು ಸಾಧ್ಯವಿತ್ತೇ? ನಮ್ಮ ಮಕ್ಕಳು ಬೈಕಿನಲ್ಲಿ ಹೆದ್ದಾರಿಗೆ ಇಳಿಯುತ್ತಾರೆ. ಅದೇನೂ ಕಡಿಮೆ ಆಳವಲ್ಲ.

ಹುಟ್ಟುಹಬ್ಬದ ದಿನವೂ ಕಲ್ಲಿನ ಹತ್ತಿರ ಹೋಗಿ. ನಮ್ಮ ಮಾಲೂರು ತಾಲ್ಲೂಕಿನಲ್ಲಿ 1891ರ ಜೂನ್ 6ರಂದು ಹುಟ್ಟಿದ ಮಾಸ್ತಿ ವೆಂಕಟೇಶ ಅಯ್ಯಂಗಾರ್ 1986ರಲ್ಲಿ ತೀರಿಕೊಂಡದ್ದೂ ಜೂನ್ 6ರಂದೇ. ಅದು ತಿಳಿದ ಮೇಲೆ ನನ್ನ ಹುಟ್ಟಿದ ದಿನವನ್ನು ನಾನು ಬೇರೆ ಥರ ನೋಡುತ್ತೇನೆ.

ಐದನೇ ಹೆಜ್ಜೆ: ಹೋಗಿ ಹೇಳಿ

ಬರೆದಿಟ್ಟದ್ದು ಪುಸ್ತಕದಲ್ಲೇ ಉಳಿದರೆ ಜಗಲಿಯ ಕಂಬ ಹಿಡಿದು ನಿಲ್ಲಬೇಕಾಗುತ್ತದೆ. ಎಲ್ಲ ಹೆಜ್ಜೆಗಳಲ್ಲಿ ಒಂದನ್ನೇ ಮಾಡುತ್ತೇನೆ ಅನ್ನುವುದಾದರೆ ಇದನ್ನು ಮಾಡಿ.

2005ರಲ್ಲಿ ಮಾರ್ಟಿನ್ ಸೆಲಿಗ್‌ಮನ್ ಮತ್ತು ಸಂಗಡಿಗರು ಹಲವು ಅಭ್ಯಾಸಗಳನ್ನು ಹೋಲಿಸಿ ನೋಡಿದರು. ಉಪಕಾರ ಮಾಡಿದವರಿಗೆ ಪತ್ರ ಬರೆದು, ಅದನ್ನು ಸ್ವತಃ ಅವರಿಗೆ ತಲುಪಿಸಿದವರಿಗೆ ಎಲ್ಲರಿಗಿಂತ ಹೆಚ್ಚು ಸಂತೋಷ ಆಯಿತು, ಅದು ಒಂದು ತಿಂಗಳವರೆಗೂ ಉಳಿಯಿತು. ಅಮಿತ್ ಕುಮಾರ್ ಮತ್ತು ನಿಕೊಲಸ್ ಎಪ್ಲಿ 2018ರಲ್ಲಿ ಇನ್ನೊಂದು ಸಂಗತಿ ಕಂಡುಕೊಂಡರು: ಇಂಥ ಪತ್ರ ಬರೆಯುವವರು ಓದುವವರಿಗೆ ಮುಜುಗರ ಆದೀತು ಅಂತ ಹೆಚ್ಚಾಗಿ ಅಂದಾಜು ಮಾಡುತ್ತಾರೆ, ಅವರಿಗೆ ಆಗುವ ಸಂತೋಷವನ್ನು ಕಡಿಮೆ ಅಂದಾಜು ಮಾಡುತ್ತಾರೆ.

ಅದು ಅಮೆರಿಕದ ಮಾತಾದರೂ ಮುಜುಗರ ನಮ್ಮದೇ. ಅಮ್ಮನಿಗೆ 'ಥ್ಯಾಂಕ್ಸ್' ಅಂದರೆ ಹುಷಾರಿಲ್ವಾ ಅಂತ ಹಣೆ ಮುಟ್ಟಿ ನೋಡುತ್ತಾಳೆ. 'ಧನ್ಯವಾದ' ಅಂದರೆ ಸಭೆಯ ವಂದನಾರ್ಪಣೆ ಆಗುತ್ತದೆ. ಹಾಗಾಗಿ ಆ ಪದಗಳನ್ನು ಬಿಟ್ಟುಬಿಡಿ. ನಡೆದದ್ದನ್ನು ನಡೆದ ಹಾಗೆ ನೆನಪು ಮಾಡಿ, ಅಷ್ಟೇ ಸಾಕು. 'ಅವತ್ತು ನೀನು ಹೀಗೆ ಮಾಡಿದೆ. ನೀನು ಮಾಡದಿದ್ದರೆ ನನಗೆ ಹೀಗಾಗುತ್ತಿತ್ತು. ನಾನು ಮರೆತಿಲ್ಲ.' ಮೂರೇ ವಾಕ್ಯ. ಎರಡನೇ ಹೆಜ್ಜೆಯಲ್ಲಿ ಕಟ್ಟುನಿಟ್ಟಾಗಿ ಬರೆದಿದ್ದರೆ ಈ ವಾಕ್ಯಗಳು ನಿಮ್ಮ ಕೈಯಲ್ಲಿ ಆಗಲೇ ಇರುತ್ತವೆ.

ನಾನು ಮೊದಲು ಹೋಗಿದ್ದು ಚಿಕ್ಕಮ್ಮನ ಮನೆಗೆ, ಶ್ರೀನಿವಾಸಪುರದ ಕಡೆಯ ಹಳ್ಳಿಗೆ. ಪಿಯುಸಿ ಫೀಸು ಕಟ್ಟಲು ದುಡ್ಡಿಲ್ಲದಾಗ ರೇಷ್ಮೆಗೂಡು ಮಾರಿ ಬಂದ ದುಡ್ಡನ್ನು ಸೆರಗಿನ ಗಂಟಿನಿಂದ ಬಿಚ್ಚಿ ಕೊಟ್ಟವಳು ಅವಳು. ದಾರಿಯುದ್ದಕ್ಕೂ ಆ ಮೂರು ವಾಕ್ಯ ಬಾಯಿಪಾಠ ಮಾಡಿಕೊಂಡೆ. ಅವಳು ಹಿಪ್ಪುನೇರಳೆ ಸೊಪ್ಪು ಕತ್ತರಿಸುತ್ತಿದ್ದಳು. ಹೇಳಿದೆ. ಕತ್ತರಿಸುವ ಕೈ ನಿಂತಿತು. ನನ್ನ ಮುಖ ನೋಡಲಿಲ್ಲ. "ಅದೇನ್ ಮಹಾ," ಅಂದಳು, "ಕೂತ್ಕೋ, ಮುದ್ದೆ ತಿಂದು ಹೋಗು." ತಟ್ಟೆ ಇಟ್ಟು ಬಡಿಸುವಾಗ ತುಪ್ಪ ಎರಡು ಸಲ ಹಾಕಿದಳು. ನಮ್ಮವರ ಉತ್ತರ ಹೀಗೇ ಬರುತ್ತದೆ, ಮಾತಿನಲ್ಲಿ ಬರಲಿ ಅಂತ ಕಾಯಬೇಡಿ.

ವಯಸ್ಸಾದವರಿಂದ ಶುರು ಮಾಡಿ, ಕಾರಣ ಹೇಳಬೇಕಾಗಿಲ್ಲ. ದೂರ ಇದ್ದರೆ ಫೋನು ಮಾಡಿ. ಫೋನಿನಲ್ಲಿ ಗಂಟಲು ಕಟ್ಟುವವರು ಪತ್ರ ಬರೆದು ಅಂಚೆಗೆ ಹಾಕಿ.

ಹೋಗಿಬಿಟ್ಟವರಿಗೆ

ಅವರಿಗೆ ನಮ್ಮಲ್ಲಿ ದಾರಿ ಮೊದಲೇ ಇದೆ. ಮಹಾಲಯ ಅಮಾವಾಸ್ಯೆಗೆ ಹಿರಿಯರ ಹಬ್ಬ ಮಾಡಿ ಎಡೆ ಇಡುತ್ತೇವೆ, ಅವರಿಗೆ ಇಷ್ಟವಾದದ್ದನ್ನೇ ಮಾಡಿ ಬಡಿಸುತ್ತೇವೆ. ನಾನು ಸೇರಿಸಿಕೊಂಡದ್ದು ಇಷ್ಟೇ: ಎಡೆ ಇಟ್ಟು ಬಾಗಿಲು ಮುಂದೆ ಮಾಡಿ ಹೊರಗೆ ಕೂತಾಗ ಮೊಬೈಲು ನೋಡುವುದಿಲ್ಲ. ಮಕ್ಕಳಿಗೆ ಅಪ್ಪನ ಒಂದು ಕೆಲಸ ಹೇಳುತ್ತೇನೆ, ವರ್ಷಕ್ಕೆ ಒಂದು. ಹೋದ ಸಲ ಒಂಬತ್ತು ರಾತ್ರಿಗಳ ನೀರಿನ ಕಥೆ ಹೇಳಿದೆ. ಇನ್ನು ತೀರಿಸುವುದು ನೆತ್ತರುಗೊಡಗೆಯ ಕ್ರಮದಲ್ಲೇ, ಉಳಿದವರಿಗೆ. ಈ ಬೇಸಿಗೆ ಪಕ್ಕದವರ ಬೋರು ಮತ್ತೆ ಕೈಕೊಟ್ಟಿತು. ನಾನು ಎದ್ದು ಹೋದದ್ದು ನಾಲ್ಕು ರಾತ್ರಿ.

ಬರೆಯಲು ಏನೂ ಇಲ್ಲ ಅನ್ನಿಸಿದಾಗ

ಅನ್ನಿಸುತ್ತದೆ. ಟೊಮೇಟೊ ಕ್ರೇಟಿಗೆ ಕೂಲಿಯೂ ಹುಟ್ಟದೆ ರಸ್ತೆ ಬದಿ ಸುರಿದು ಬಂದ ವಾರ ನಾನು ಪುಸ್ತಕ ಮುಟ್ಟಲಿಲ್ಲ, ಮುಟ್ಟಬೇಕಾಗಿಯೂ ಇರಲಿಲ್ಲ. ನಷ್ಟವನ್ನು ವರ ಅಂತ ಕರೆದುಕೊಳ್ಳುವುದು ಸುಳ್ಳು. ಅಂಥ ವಾರ ಬಿಟ್ಟು ಮುಂದಿನ ವಾರ ಕೂರಿ.

ಬರೆದದ್ದೇ ಬರೆಯುತ್ತಿದ್ದೇನೆ ಅನ್ನಿಸಿದರೆ ಪ್ರಶ್ನೆ ಬದಲಿಸಿ. ಜಪಾನಿನ ಯೋಶಿಮೊತೊ ಇಶಿನ್ ರೂಪಿಸಿದ 'ನೈಕಾನ್' ಎಂಬ ಅಭ್ಯಾಸದಲ್ಲಿ ಒಬ್ಬರನ್ನು ನೆನೆದು ಮೂರು ಪ್ರಶ್ನೆ ಕೇಳಿಕೊಳ್ಳುತ್ತಾರೆ: ಅವರಿಂದ ನಾನು ಏನು ಪಡೆದೆ, ಅವರಿಗೆ ಏನು ಕೊಟ್ಟೆ, ನನ್ನಿಂದ ಅವರಿಗೆ ಏನು ತೊಂದರೆಯಾಯಿತು. ಅಣ್ಣನ ಮೇಲೆ ಜಮೀನಿನ ವಿಷಯಕ್ಕೆ ಕೋಪ ಇದ್ದಾಗ ಮೂರನೇ ಪ್ರಶ್ನೆಗೆ ಉತ್ತರ ಬರೆಯಲು ಕೂತೆ. ಒಂದೂವರೆ ಪುಟ ಆಯಿತು. ಕೋಪ ಪೂರ್ತಿ ಹೋಗಲಿಲ್ಲ, ಆದರೆ ಫೋನು ಮಾಡಿದೆ.

ಕೊನೆಯ ಪುಟ

ಪುಸ್ತಕ ಎಲ್ಲಿದೆ ಅಂತ ಮನೆಯಲ್ಲಿ ಒಬ್ಬರಿಗೆ ಹೇಳಿಡಿ. ನನ್ನದು ಡೈರಿ ಪಾಸ್‌ಬುಕ್ಕಿನ ಜೊತೆ, ಅಪ್ಪನ ಟ್ರಂಕಿನಲ್ಲಿದೆ. ಹಿಂದಿನ ಕೊನೆಯ ಪುಟವನ್ನು ಖಾಲಿ ಬಿಟ್ಟು, ಅಲ್ಲಿ ಇನ್ನೂ ಹೇಳದೇ ಉಳಿದವರ ಹೆಸರು ಬರೆಯಿರಿ, ಪ್ರತಿ ಹೆಸರಿನ ಮುಂದೆ ಹೇಳಬೇಕಾದ ಒಂದು ಸಾಲು. ನಾನು ಹೇಳುವ ಮುಂಚೆ ಹೋದರೆ ಮನೆಯವರು ಹೋಗಿ ಹೇಳಲಿ ಅಂತ. ಹೇಳಿ ಬಂದ ಮೇಲೆ ಆ ಹೆಸರಿಗೆ ಗೀಟು ಎಳೆಯಿರಿ.

ನನ್ನ ಪುಟದಲ್ಲಿ ಈಗ ಮೂರು ಹೆಸರಿದೆ. ನಾಲ್ಕನೆಯದಕ್ಕೆ ಬುಧವಾರ ಬೆಳಗ್ಗೆ ಗೀಟು ಬಿತ್ತು. ಡೈರಿ ಸಾಲಿನಲ್ಲಿ ನನ್ನ ಹಿಂದೆ ಪಕ್ಕದ ಹೊಲದವರು ನಿಂತಿದ್ದರು. ಅಪ್ಪನ ಬಗ್ಗೆ ನನಗೆ ಗೊತ್ತಿಲ್ಲದ ಒಂದು ಸಂಗತಿ ತಂದುಕೊಟ್ಟವರು ಅವರು, ಅದನ್ನು ನಾನು ಅವರಿಗೆ ಹೇಳಿರಲಿಲ್ಲ. ಹೇಳಿದೆ. ಅವರು ಕ್ಯಾನನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿಕೊಂಡು, "ಮುಂದಕ್ಕೆ ನಡಿ, ಸಾಲು ಹೋಗ್ತಿದೆ," ಅಂದರು.